ಕಾಡಿಗೆ ಒಂದೇ ಗುಣಾಂಕ ಸಾಲದು

ನಂಜನಗೂಡನ್ನು ಹಾದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಪಿಲೆಯ ಮುಂಗಾರು ನೀರಿನ ಬಹುಪಾಲು ವಯನಾಡಿನಲ್ಲಿ ಸುರಿದದ್ದು. ಬಂಡೀಪುರದ ಹಳ್ಳಗಳು ನುಗು, ಗುಂಡ್ಲು ಹೊಳೆಗಳ ಮೂಲಕ ಅದಕ್ಕೆ ಕೂಡುತ್ತವೆ. ಕಾಡಿನ ಮೇಲೆ ಬಿದ್ದ ಮಳೆಯಲ್ಲಿ ಹೊಳೆಗೆ ಇಳಿಯುವುದೆಷ್ಟು ಎಂಬ ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಕೆಳಗಿನ ಈ ಎರಡು ಊರುಗಳಿಗೆ.

ಮಳೆಯ ತೀವ್ರತೆ, ವಿಸ್ತೀರ್ಣ ಮತ್ತು ಹರಿದುಹೋಗುವ ಪಾಲನ್ನು ಸೂಚಿಸುವ ಗುಣಾಂಕವನ್ನು ಗುಣಿಸುವ ಹಳೆಯ ಸೂತ್ರ ಮೋರಿ ಕಟ್ಟುವವರಿಗೆ ಇಂದಿಗೂ ಆಸರೆ. ಕಾಡಿಗೆ ಸಾಮಾನ್ಯವಾಗಿ 0.1ರಿಂದ 0.3ರವರೆಗಿನ ಗುಣಾಂಕ ಹಿಡಿಯುತ್ತಾರೆ. ನೆಲ ಎಷ್ಟು ನೆನೆದಿದೆ ಎಂಬುದನ್ನು ಅದು ಕೇಳುವುದೇ ಇಲ್ಲ. ದೊಡ್ಡ ಕೊರತೆ ಇದೇ.

ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1954ರಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನ ಅದನ್ನು ಕೇಳುತ್ತದೆ. ನೀರು ಮಧ್ಯಮ ಪ್ರಮಾಣದಲ್ಲಿ ಇಂಗುವ ಮಣ್ಣಿನ ದಟ್ಟ ಕಾಡಿಗೆ ಸಂಖ್ಯೆ 40. ಒಂದು ದಿನ 100 ಮಿ.ಮೀ. ಮಳೆಯಾದರೆ ಹರಿಯುವುದು ಸುಮಾರು 1.4 ಮಿ.ಮೀ. ಮಾತ್ರ. ಹಿಂದಿನ ಐದು ದಿನ ಜೋರಾಗಿ ಸುರಿದಿದ್ದರೆ ಅದೇ ಕಾಡಿನ ಸಂಖ್ಯೆ 60 ಆಗಿ, ಹರಿವು 18 ಮಿ.ಮೀ. ದಾಟುತ್ತದೆ. ಮರಗಳು ಅವೇ, ಮಳೆಯೂ ಅಷ್ಟೇ, ನೀರು ಮಾತ್ರ ಹದಿಮೂರು ಪಟ್ಟು! 2018 ಮತ್ತು 2019ರ ಆಗಸ್ಟ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆಯ ಮೇಲೆ ಕಪಿಲೆ ಹರಿದದ್ದು ಹೀಗೆ ದಿನಗಟ್ಟಲೆ ಸುರಿದ ಮಳೆಯ ಬೆನ್ನಿಗೇ. ಕಾಡಿದ್ದರೆ ನೆರೆ ಬಾರದೆಂಬ ನಂಬಿಕೆ ಅರ್ಧ ಸತ್ಯ. ಮುಂಗಾರಿನ ಮೊದಲ ಮಳೆಗಳನ್ನು ಕಾಡು ಹೀರಿಕೊಳ್ಳುತ್ತದೆ, ತೊಯ್ದು ತುಂಬಿದ ಮೇಲೆ ಬಿಟ್ಟುಕೊಡುತ್ತದೆ.

ವರ್ಷದ ಲೆಕ್ಕವೇ ಬೇರೆ. ಬಂಡೀಪುರದ ಮೂಲೆಹೊಳೆಯಲ್ಲಿ 4.1 ಚದರ ಕಿ.ಮೀ.ನ ಪುಟ್ಟ ಜಲಾನಯನವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಜೊತೆಗೂಡಿ 2003ರಿಂದ ಅಳೆದಿದ್ದಾರೆ. ಅಲ್ಲಿ ವರ್ಷಕ್ಕೆ ಬೀಳುವ ಸುಮಾರು 1,100 ಮಿ.ಮೀ. ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಮರಗಳ ಮೂಲಕವೂ ಆವಿಯಾಗಿಯೂ ಗಾಳಿಗೆ ಮರಳುತ್ತದೆ. ಅಂತರ್ಜಲ ಹಳ್ಳದ ತಳಕ್ಕಿಂತ ಬಹಳ ಕೆಳಗಿರುವುದರಿಂದ ಮಳೆ ನಿಂತ ಮೇಲೆ ಹಳ್ಳವೂ ಬತ್ತುತ್ತದೆ. ವಯನಾಡಿನ ತೇವದ ಕಾಡಿಗೆ ಹಿಡಿದ ಪಾಲನ್ನು ಈ ಎಲೆಯುದುರುವ ಕಾಡಿಗೆ ಹಚ್ಚುವುದು ಸಲ್ಲ.

ತಿ. ನರಸೀಪುರದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಆದರೆ ಮೇಲೆ ಬೀಚನಹಳ್ಳಿಯ 19.52 ಟಿಎಂಸಿ ಜಲಾಶಯ, ನಾಲೆಗಳು, ಗದ್ದೆಗಳು ಇರುವಾಗ ಅಲ್ಲಿನ ಅಂಕಿಯಿಂದ ಕಾಡಿನ ಪಾಲನ್ನು ಬೇರ್ಪಡಿಸಲಾಗದು. ಅದಕ್ಕೆ ಬೇಕಾದದ್ದು ಮೂಲೆಹೊಳೆಯಂಥ ಸಣ್ಣ ಹಳ್ಳಗಳ ಬಾಯಲ್ಲೇ ಅಳತೆ. ಅಲ್ಲಿಯವರೆಗೆ ಸೇತುವೆ, ಮೋರಿಗಳಿಗೆ ನೆನೆದ ನೆಲದ ಸಂಖ್ಯೆಯನ್ನೂ ಕೆರೆ ತುಂಬುವ ಅಂದಾಜಿಗೆ ಮರಗಳು ಕುಡಿಯುವ ನೀರನ್ನು ಕಳೆದ ಲೆಕ್ಕವನ್ನೂ ಹಿಡಿಯುವುದು ಸುರಕ್ಷಿತ.