ಸೋತವರನ್ನು ಮರೆಯದ ಮಹಾಕಥನ

ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನೂ ಅವನ ಪ್ರಜೆಗಳ ಸ್ವಾಭಿಮಾನವನ್ನೂ ವರ್ಣಿಸಿ ಬರೆದಿಟ್ಟ ಹ್ಯೂಯೆನ್ ತ್ಸಾಂಗನ ಹೆಸರು ಕನ್ನಡನಾಡಿನ ಶಾಲೆಯ ಮಕ್ಕಳಿಗೂ ಪರಿಚಿತವಾದುದು. ಆದರೆ ಆ ಯಾತ್ರಿಕನ ನಾಡಿನ ಜನ ತಲೆತಲಾಂತರದಿಂದ ಯಾವ ಕಥೆಯನ್ನು ಕೇಳಿ ಕಣ್ಣೀರಿಟ್ಟರು, ಯಾವ ವೀರರನ್ನು ರಂಗಸ್ಥಳಕ್ಕೆ ತಂದರು, ಅವರಲ್ಲಿ ಯಾರನ್ನು ದೇವರೆಂದು ಪೂಜಿಸಿದರು ಎಂದು ತಿಳಿಯುವ ಕುತೂಹಲ ನಮ್ಮಲ್ಲಿ ಇನ್ನೂ ಸಾಕಷ್ಟು ಬಲಿತಿಲ್ಲ. ಬಿ. ಎಂ. ಶ್ರೀಕಂಠಯ್ಯನವರ ‘ಪಾರಸಿಕರು’, ‘ಅಶ್ವತ್ಥಾಮನ್’ಗಳಿಂದ ಗ್ರೀಕರ ರುದ್ರನಾಟಕ ನಮ್ಮದಾಯಿತು, ಟಾಲ್‌ಸ್ಟಾಯ್ ಮಹಾಶಯನ ‘ಯುದ್ಧ ಮತ್ತು ಶಾಂತಿ’ ಕನ್ನಡದ ಮಾತಾಡಿತು. ಹಿಮಾಲಯದ ಆಚೆಯ ನೆರೆಯವರ ‘ಸಾನ್‌ಗುವೊ ಯಾನ್‌ಯೀ’, ಎಂದರೆ ಮೂರು ರಾಜ್ಯಗಳ ಕಥೆ, ಇಂತಹ ಆದರವನ್ನು ಬೇಡುವ ಗ್ರಂಥವಾಗಿದ್ದೂ ನಮ್ಮ ಸಾಮಾನ್ಯ ವಾಚಕನ ಮನೆಯ ಹೊರಗೇ ನಿಂತಿದೆ.

ಈ ಗ್ರಂಥದ ಹೆಸರನ್ನು ಬಲ್ಲವರಿಗೂ ಅದು ದೊರೆತಿರುವುದು ಬಹುಮಟ್ಟಿಗೆ ಪಕ್ಕದ ಬಾಗಿಲಿನಿಂದ. ಕಂಪ್ಯೂಟರ್ ಆಟಗಳಲ್ಲಿ ಅದರ ಸೇನಾನಿಗಳನ್ನು ಕಂಡವರುಂಟು; ವ್ಯಾಪಾರದಲ್ಲಿ ಎದುರಾಳಿಯನ್ನು ಮಣಿಸುವ ಉಪಾಯಗಳನ್ನು ಬೋಧಿಸುವ ಪುಸ್ತಕಗಳಲ್ಲಿ ಅದರ ತಂತ್ರಗಳನ್ನು ಓದಿದವರುಂಟು. ಹೀಗೆ ಬಂದವರಿಗೆ ಅದು ಗೆಲ್ಲುವ ವಿದ್ಯೆಯ ಕೈಪಿಡಿಯಾಗಿ ತೋರುವುದು ಸಹಜ. ಆದರೆ ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಓದಿದವನಿಗೆ ತೋರುವ ಸತ್ಯ ಇದಕ್ಕೆ ತೀರ ವಿರುದ್ಧವಾದುದು: ಇದು ಸೋತವರ ಕಥೆ, ಬುದ್ಧಿಯಲ್ಲಿ ಎಲ್ಲರನ್ನೂ ಮೀರಿದವನು ಕಾಲದ ಮುಂದೆ ಸೋತು, ಸೋಲಿನಲ್ಲಿಯೂ ಕರ್ತವ್ಯವನ್ನು ಬಿಡದೆ ಮಡಿದ ಕಥೆ. ಈ ದೃಷ್ಟಿಯಿಂದ ಓದಿದಲ್ಲದೆ ಅದರ ಮಹತ್ತ್ವ ನಮಗೆ ದಕ್ಕದು.

ಕಥೆಗೆ ಆಧಾರವಾದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ನಾಲ್ಕು ಶತಮಾನಗಳ ಕಾಲ ಚೀನವನ್ನಾಳಿದ ಹಾನ್ ವಂಶ, ಅಂತಃಪುರದ ನಪುಂಸಕ ಅಧಿಕಾರಿಗಳ ಕುತಂತ್ರದಿಂದಲೂ ಬಾಲರಾಜರ ದೌರ್ಬಲ್ಯದಿಂದಲೂ ಒಳಗೇ ಕೊಳೆಯುತ್ತಿದ್ದಾಗ, ಕ್ರಿ.ಶ. 184ರಲ್ಲಿ ಹಳದಿ ರುಮಾಲಿನವರೆಂಬ ರೈತರ ದಂಗೆ ಎದ್ದಿತು. ದಂಗೆಯನ್ನಡಗಿಸಲು ಶಸ್ತ್ರ ಹಿಡಿದ ಪ್ರಾಂತಾಧಿಪತಿಗಳು ಮರಳಿ ಶಸ್ತ್ರವನ್ನು ಕೆಳಗಿಡಲಿಲ್ಲ. ದೋಂಗ್ ಝುವೊ ಎಂಬ ಕ್ರೂರಿ 190ರಲ್ಲಿ ರಾಜಧಾನಿ ಲುವೊಯಾಂಗನ್ನು ಸುಟ್ಟು ಬಾಲಚಕ್ರವರ್ತಿಯನ್ನು ಎಳೆದೊಯ್ದನು; 196ರಲ್ಲಿ ತ್ಸಾವ್ ತ್ಸಾವ್ ಎಂಬ ಸೇನಾನಿ ಅದೇ ಚಕ್ರವರ್ತಿಯನ್ನು ತನ್ನ ವಶದಲ್ಲಿರಿಸಿಕೊಂಡು ಅವನ ಹೆಸರಿನಲ್ಲಿ ಆಜ್ಞೆ ನಡೆಸಿದನು. ಉತ್ತರದ ಬಯಲನ್ನೆಲ್ಲ ಗೆದ್ದ ತ್ಸಾವ್ ತ್ಸಾವ್ 208ರಲ್ಲಿ ಯಾಂಗ್‌ತ್ಸೆ ನದಿಯ ಕೆಂಪು ಬಂಡೆಗಳ ಬಳಿ ತನ್ನ ನೌಕಾಬಲವನ್ನು ಬೆಂಕಿಗೆ ತೆತ್ತು ಹಿಮ್ಮೆಟ್ಟಿದನು. ಆ ಸೋಲಿನಿಂದ ದೇಶ ಮೂರು ಪಾಲಾಗುವುದು ನಿಶ್ಚಿತವಾಯಿತು: ಉತ್ತರದಲ್ಲಿ ವೇಯ್, ನದಿಯ ತೆಂಕಣ ತೀರದಲ್ಲಿ ವೂ, ಪಡುವಣ ಬೆಟ್ಟಗಳ ನಡುವೆ ಶೂ. 220ರಲ್ಲಿ ಹಾನ್ ವಂಶ ಅಳಿಯಿತು. 263ರಲ್ಲಿ ಶೂ ಬಿದ್ದಿತು. ವೇಯ್ ರಾಜ್ಯವನ್ನು ಅದರ ಮಂತ್ರಿಮನೆತನವಾದ ಸೀಮಾ ವಂಶವೇ ನುಂಗಿ ಜಿನ್ ಎಂಬ ಹೆಸರಿನಿಂದ ಆಳತೊಡಗಿ, 280ರಲ್ಲಿ ವೂ ರಾಜ್ಯವನ್ನೂ ಕಬಳಿಸಿತು. ಒಂದು ಶತಮಾನದಷ್ಟು ಕಾಲ ಹೋರಾಡಿದ ಮೂವರಲ್ಲಿ ಯಾರಿಗೂ ಫಲ ದಕ್ಕಲಿಲ್ಲ.

ಜಿನ್ ಅರಸರ ಕಾಲದಲ್ಲಿ ಈ ಇತಿಹಾಸವನ್ನು ಬರೆದ ಚೆನ್ ಶೌ, ತಾನು ಶೂ ನಾಡಿನಲ್ಲಿ ಹುಟ್ಟಿದವನಾದರೂ, ರಾಜಮರ್ಯಾದೆಗೆ ಅನುಗುಣವಾಗಿ ವೇಯ್ ರಾಜ್ಯವನ್ನೇ ಹಾನ್ ವಂಶದ ಉತ್ತರಾಧಿಕಾರಿಯೆಂದು ಗಣಿಸಿದನು. 429ರಲ್ಲಿ ಪೇಯ್ ಸೊಂಗ್‌ಝಿ ಎಂಬ ವಿದ್ವಾಂಸನು ಆ ಗ್ರಂಥಕ್ಕೆ ನಾನಾ ಮೂಲಗಳ ವೃತ್ತಾಂತಗಳನ್ನು ಟೀಕಾರೂಪವಾಗಿ ಕೂಡಿಸಿದನು. ಆದರೆ ಆಸ್ಥಾನದ ತೀರ್ಪು ಒಂದಾದರೆ ಬೀದಿಯ ತೀರ್ಪು ಮತ್ತೊಂದು. ಸೊಂಗ್ ಕಾಲದ ಮಹಾಕವಿ ಸೂ ಶಿ ಬರೆದಿಟ್ಟಿರುವ ಸಂಗತಿಯೊಂದು ಮನನೀಯವಾಗಿದೆ: ಕಥೆಗಾರನ ಮುಂದೆ ಕುಳಿತ ಮಕ್ಕಳು ಶೂ ರಾಜ್ಯದ ಲಿಯು ಬೇಯ್ ಸೋತನೆಂದು ಕೇಳಿದಾಗ ಅಳುತ್ತಿದ್ದರು, ತ್ಸಾವ್ ತ್ಸಾವ್ ಸೋತನೆಂದು ಕೇಳಿದಾಗ ಹಿಗ್ಗುತ್ತಿದ್ದರು. ಇತಿಹಾಸ ಯಾರಿಗೆ ಜಯಮಾಲೆ ತೊಡಿಸಿತೋ ಅವರಿಗೆ ಜನ ತಮ್ಮ ಹೃದಯವನ್ನು ಕೊಡಲಿಲ್ಲ. ಹೀಗೆ ಜನಮನದಲ್ಲಿ ಬೆಳೆದ ಕಥೆಗಳನ್ನೂ ಇತಿಹಾಸಗ್ರಂಥಗಳನ್ನೂ ಕೂಡಿಸಿ 14ನೆಯ ಶತಮಾನದಲ್ಲಿ ಈ ಮಹಾಕಥನವನ್ನು ರಚಿಸಿದವನು ಲುವೊ ಗುವಾನ್‌ಝೊಂಗ್ ಎಂಬುದು ಪರಂಪರೆಯ ಮಾತು. ಈಗ ಉಳಿದಿರುವ ಅತ್ಯಂತ ಹಳೆಯ ಮುದ್ರಣ 1522ರದು. ಇಂದು ಎಲ್ಲರೂ ಓದುವ 120 ಅಧ್ಯಾಯಗಳ ಪಾಠವನ್ನು 17ನೆಯ ಶತಮಾನದಲ್ಲಿ ಸಿದ್ಧಗೊಳಿಸಿದವರು ಮಾವ್ ಲುನ್ ಮತ್ತು ಮಾವ್ ಝೊಂಗ್‌ಗಾಂಗ್ ಎಂಬ ತಂದೆಮಕ್ಕಳು. ಇದರಲ್ಲಿ ಏಳು ಪಾಲು ನಿಜ, ಮೂರು ಪಾಲು ಕಲ್ಪನೆ, ಓದುಗನಿಗೆ ಎರಡೂ ಬೆರೆತುಹೋಗುತ್ತವೆ ಎಂದು 18ನೆಯ ಶತಮಾನದ ಇತಿಹಾಸಜ್ಞ ಝಾಂಗ್ ಶ್ಯುವೆಚೆಂಗ್ ಆಕ್ಷೇಪಿಸಿದನು. ಆಕ್ಷೇಪ ನ್ಯಾಯವಾದುದೇ, ಆದರೂ ಕಥೆಯ ಪ್ರಾಣ ಆ ಮೂರು ಪಾಲಿನಲ್ಲಿಯೇ ನೆಲೆಸಿದೆಯೆಂದು ನನಗೆ ತೋರುತ್ತದೆ.

ಕಥೆಯ ಬೀಜ ಒಂದು ಪ್ರತಿಜ್ಞೆ. ಹಾನ್ ರಾಜವಂಶದವನೆನಿಸಿಕೊಂಡರೂ ಚಾಪೆ ಹೆಣೆದು ಕೆರ ಮಾರಿ ಜೀವಿಸುತ್ತಿದ್ದ ಲಿಯು ಬೇಯ್, ದುಷ್ಟನೊಬ್ಬನನ್ನು ಕೊಂದು ತಲೆತಪ್ಪಿಸಿಕೊಂಡಿದ್ದ ಗುವಾನ್ ಯೂ, ಮದ್ಯ ಮಾಂಸಗಳ ವ್ಯಾಪಾರಿಯಾದ ಝಾಂಗ್ ಫೇಯ್, ಈ ಮೂವರೂ ಹೂಬಿಟ್ಟ ಪೀಚ್ ತೋಟದಲ್ಲಿ ಸೋದರರಾಗಿ ಬಾಳಿ ಸೋದರರಾಗಿಯೇ ಅಳಿಯುವೆವೆಂದು ದೇವಸಾಕ್ಷಿಯಾಗಿ ನುಡಿಯುತ್ತಾರೆ. ಅನಂತರ ನಡೆದುದೆಲ್ಲವೂ ಈ ನುಡಿಯ ಪರೀಕ್ಷೆಯೇ. ಯುದ್ಧದಲ್ಲಿ ಅಣ್ಣನಾದ ಲಿಯು ಬೇಯನಿಂದ ಅಗಲಿ ತ್ಸಾವ್ ತ್ಸಾವನ ಕೈಗೆ ಸಿಕ್ಕಿದ ಗುವಾನ್ ಯೂಗೆ ಆ ಶತ್ರು ಪದವಿ ಕೊಟ್ಟನು, ಹೊನ್ನು ಕೊಟ್ಟನು, ಲೋಕಪ್ರಸಿದ್ಧವಾದ ಕೆಂಪು ಕುದುರೆಯನ್ನು ಕೊಟ್ಟನು; ಗುವಾನ್ ಯೂ ಅಣ್ಣನ ನೆಲೆ ತಿಳಿದೊಡನೆ ಹೊನ್ನಿಗೆ ಮುದ್ರೆಯೊತ್ತಿ ಇಟ್ಟು ಹೊರಟುಹೋದನು. ಆದರೆ ಕೆಂಪು ಬಂಡೆಗಳ ಕಾಳಗದ ಅನಂತರ, ಸೋತು ಓಡಿಬಂದ ತ್ಸಾವ್ ತ್ಸಾವ್ ಹ್ವಾರೊಂಗ್ ಎಂಬ ಇಕ್ಕಟ್ಟಿನ ದಾರಿಯಲ್ಲಿ ಅವನ ಖಡ್ಗದ ಕೆಳಗೆ ತಾನಾಗಿ ಬಂದು ನಿಂತಾಗ, ಹಿಂದಿನ ಉಪಕಾರವನ್ನು ನೆನೆದು, ತನ್ನ ಪ್ರಾಣವನ್ನು ಸೈನ್ಯಾಜ್ಞೆಗೆ ಅಡವಿಟ್ಟು ಬಂದಿದ್ದರೂ ಅವನನ್ನು ಬಿಟ್ಟುಬಿಟ್ಟನು. ಇತಿಹಾಸದಲ್ಲಿ ಈ ಘಟನೆ ಇಲ್ಲ. ಕಥೆಗಾರನ ಸೃಷ್ಟಿ ಇದು. ಪಂಪನ ಕರ್ಣನನ್ನೂ ಕುಮಾರವ್ಯಾಸನ ಕರ್ಣನನ್ನೂ ಬಲ್ಲ ಕನ್ನಡಿಗನಿಗೆ ಅನ್ನದ ಋಣವೆಂದರೇನೆಂದು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಜೋಳದ ಪಾಳಿಗಾಗಿ ಮಡಿದವರ ವೀರಗಲ್ಲುಗಳು ನಮ್ಮ ಊರೂರಲ್ಲಿವೆ, ಒಡೆಯ ವೀರಬಲ್ಲಾಳನೊಡನೆ ಪ್ರಾಣವನ್ನೊಪ್ಪಿಸಿದ ಕುವರ ಲಕ್ಷ್ಮನ ಶಾಸನ ಹಳೇಬೀಡಿನಲ್ಲಿದೆ. ಭೇದವಿಷ್ಟೆ: ಕರ್ಣನಲ್ಲಿ ಋಣಕ್ಕೂ ರಕ್ತಸಂಬಂಧಕ್ಕೂ ಸಂಘರ್ಷ, ಗುವಾನ್ ಯೂನಲ್ಲಿ ಋಣಕ್ಕೂ ಪ್ರತಿಜ್ಞೆಗೂ ಸಂಘರ್ಷ. ಇಂದಿಗೂ ಚೀನೀಯರು ಗುವಾನ್ ಯೂವನ್ನು ದೇವರೆಂದು ಆರಾಧಿಸುತ್ತಾರೆ. ಮಾತಿಗೆ ತಪ್ಪದವನೆಂಬ ಕಾರಣದಿಂದ ವರ್ತಕರಿಗೂ ಅವನು ಇಷ್ಟದೈವ. ಕೊಲ್ಕತ್ತೆಯ ಚೀನೀ ಗುಡಿಗಳಲ್ಲಿಯೂ ಅವನಿಗೆ ಪೂಜೆ ಸಲ್ಲುತ್ತದೆ.

ಪ್ರತಿನಾಯಕನಾದ ತ್ಸಾವ್ ತ್ಸಾವನನ್ನು ಗ್ರಂಥ ಕ್ಷುದ್ರನನ್ನಾಗಿ ಮಾಡಿಲ್ಲವೆಂಬುದು ಅದರ ಔದಾರ್ಯ. ಆಶ್ರಯ ಕೊಟ್ಟ ಮನೆಯವರನ್ನು ಸಂಶಯದಿಂದ ಕೊಂದು, ತಪ್ಪು ತಿಳಿದ ಮೇಲೂ ಮನೆಯ ಯಜಮಾನನನ್ನು ಕೊಂದವನು ಅವನೇ. ಯೋಗ್ಯನನ್ನು ಕಂಡೊಡನೆ ಗುರುತಿಸಿ ಮನ್ನಿಸಿದವನೂ ಅವನೇ. ಇತಿಹಾಸದಲ್ಲಿ ಅವನು ಸ್ವತಃ ಒಳ್ಳೆಯ ಕವಿ.

ಗ್ರಂಥದ ಮಧ್ಯದಲ್ಲಿ ಸೂರ್ಯನಂತೆ ಉದಿಸುವವನು ಝೂಗೆ ಲಿಯಾಂಗ್. ಲೊಂಗ್‌ಝೊಂಗಿನ ಹುಲ್ಲುಮನೆಯಲ್ಲಿ ಏಕಾಂತವಾಗಿದ್ದ ಈ ತರುಣನನ್ನು ತನ್ನ ಕಾರ್ಯಕ್ಕೆ ಕರೆತರಲು, ವಯಸ್ಸಿನಲ್ಲಿ ಎಷ್ಟೋ ಹಿರಿಯನಾದ ಲಿಯು ಬೇಯ್ ಮೂರು ಬಾರಿ ಬಾಗಿಲಿಗೆ ಹೋದನು. ಹುಲ್ಲಿನ ಹೊರೆಗಳನ್ನು ಕಟ್ಟಿದ ದೋಣಿಗಳನ್ನು ಮಂಜಿನಲ್ಲಿ ಬಿಟ್ಟು ಶತ್ರುವಿನ ಬಾಣಗಳನ್ನೇ ಸಂಗ್ರಹಿಸಿದ್ದು, ಬರಿದಾದ ಕೋಟೆಯ ಬಾಗಿಲು ತೆರೆಸಿ ಮೇಲೆ ವೀಣೆಯಂತಹ ವಾದ್ಯವನ್ನು ನುಡಿಸುತ್ತ ಕುಳಿತು ವೇಯ್ ಸೇನಾನಿ ಸೀಮಾ ಯೀಯ ಸೈನ್ಯವನ್ನು ಹಿಂದಿರುಗಿಸಿದ್ದು, ಇವೇ ಮುಂತಾದ ಪ್ರಸಂಗಗಳಿಂದ ತಂತ್ರಬೋಧಕರಿಗೆ ಅವನು ಪ್ರಿಯನಾಗಿದ್ದಾನೆ. ಇವುಗಳಲ್ಲಿ ಹೆಚ್ಚಿನವು ಕಥೆಗಾರನ ಕಲ್ಪನೆಗಳು. ಆದರೆ ಆ ತಂತ್ರಬೋಧಕರು ಪುಸ್ತಕವನ್ನು ಇಲ್ಲಿಗೇ ಮುಚ್ಚಿಬಿಡುತ್ತಾರೆಂದು ತೋರುತ್ತದೆ. ಏಕೆಂದರೆ ಮುಂದೆ ಬರುವ ಅಧ್ಯಾಯಗಳಲ್ಲಿ ಅದೇ ಬುದ್ಧಿವಂತನ ಒಂದೊಂದು ಯತ್ನವೂ ಗುರಿಯ ಅಂಚಿನಲ್ಲಿ ಮುರಿದುಬೀಳುತ್ತದೆ. ನೆಚ್ಚಿನ ಶಿಷ್ಯನಾದ ಮಾ ಸೂ 228ರಲ್ಲಿ ಆಜ್ಞೆ ಮೀರಿ ಕಣಿವೆಯ ದಾರಿಯನ್ನು ಕಳೆದುಕೊಂಡಾಗ, ಅವನಿಗೆ ಮರಣದಂಡನೆ ವಿಧಿಸಿ ಝೂಗೆ ಲಿಯಾಂಗ್ ಅಳುತ್ತಾನೆ. ಸೀಮಾ ಯೀಯನ್ನೂ ಅವನ ಮಕ್ಕಳನ್ನೂ ಕಣಿವೆಯೊಂದರಲ್ಲಿ ಬೆಂಕಿಯಿಂದ ಸುತ್ತುವರಿಸಿದಾಗ ಆಕಾಶ ಕಪ್ಪಾಗಿ ಮಳೆ ಸುರಿದು ಬೆಂಕಿ ಆರುತ್ತದೆ. ಆಯುಸ್ಸನ್ನು ಹೆಚ್ಚಿಸಿಕೊಳ್ಳಲು ದೀಪಗಳನ್ನಿಟ್ಟು ಮಾಡಿದ ವ್ರತ ತನ್ನ ಸೇನಾನಿಯೊಬ್ಬನ ಧಾವಂತದ ಹೆಜ್ಜೆಗೆ ಭಂಗವಾಗುತ್ತದೆ. 234ರಲ್ಲಿ ವೂಝಾಂಗ್ ಬಯಲಿನ ಶಿಬಿರದಲ್ಲಿ, ಉತ್ತರವನ್ನು ಗೆಲ್ಲುವ ಕಾರ್ಯವನ್ನು ಅರ್ಧಕ್ಕೇ ಬಿಟ್ಟು, ಅವನು ತೀರಿಕೊಳ್ಳುತ್ತಾನೆ. ಗೆಲ್ಲುವ ವಿದ್ಯೆಯ ಕೈಪಿಡಿ ತನ್ನ ಮಹಾಗುರುವನ್ನು ಹೀಗೆ ಸೋಲಿಸುವುದುಂಟೆ?

ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಶೂ ರಾಜ್ಯದ ನಾಶಕ್ಕೆ ಕಾರಣವಾದದ್ದು ಅದರ ಸ್ಥಾಪಕರ ದುರ್ಗುಣವಲ್ಲ, ಸದ್ಗುಣ. ವೂ ಪಕ್ಷದವರು ಗುವಾನ್ ಯೂವನ್ನು ಕೊಂದಾಗ, ರಾಜ್ಯಹಿತವನ್ನು ಬಲ್ಲವರೆಲ್ಲರೂ ವೇಯ್ ರಾಜ್ಯವೇ ನಿಜವಾದ ಶತ್ರುವೆಂದು ವಾದಿಸಿದರೂ ಲಿಯು ಬೇಯ್ ಕೇಳಲಿಲ್ಲ. ಸೇಡಿಗೆ ಸಿದ್ಧನಾಗುತ್ತಿದ್ದ ಝಾಂಗ್ ಫೇಯ್ ತನ್ನ ಕೈಕೆಳಗಿನವರಿಂದಲೇ ಹತನಾದ ಮೇಲಂತೂ ಅವನನ್ನು ತಡೆಯುವವರಿರಲಿಲ್ಲ. 222ರಲ್ಲಿ ಯೀಲಿಂಗಿನ ಅರಣ್ಯದಲ್ಲಿ ಅವನ ಪಾಳೆಯಗಳನ್ನು ವೂ ಸೇನಾನಿ ಸುಟ್ಟನು. ಮರುವರ್ಷ ಲಿಯು ಬೇಯ್ ತನ್ನ ಮಗನನ್ನು ಝೂಗೆ ಲಿಯಾಂಗನ ಕೈಗೊಪ್ಪಿಸಿ ಕಣ್ಣುಮುಚ್ಚಿದನು. ಪೀಚ್ ತೋಟದ ಪ್ರತಿಜ್ಞೆ ಉಳಿಯಿತು. ಅದರಿಂದ ಹುಟ್ಟಿದ ರಾಜ್ಯ ಅಳಿವಿನ ದಾರಿ ಹಿಡಿಯಿತು. ಸೋದರಧರ್ಮ ರಾಜಧರ್ಮವನ್ನು ಕೊಂದಿತು. ಧರ್ಮಕ್ಕೂ ಅಧರ್ಮಕ್ಕೂ ನಡೆದ ಯುದ್ಧದಲ್ಲಿ ನಮ್ಮ ಪಕ್ಷವನ್ನು ಆರಿಸಿಕೊಳ್ಳುವುದು ಸುಲಭ. ಧರ್ಮಕ್ಕೂ ಧರ್ಮಕ್ಕೂ ನಡೆದ ಯುದ್ಧವನ್ನು ತೋರಿಸಿ ಓದುಗನ ನ್ಯಾಯಬುದ್ಧಿಯನ್ನು ಅಲುಗಾಡಿಸುವುದು ಮಹಾಕೃತಿಗೆ ಮಾತ್ರ ಸಾಧ್ಯ.

ಗ್ರಂಥದಲ್ಲಿ ದೋಷಗಳಿಲ್ಲವೆಂದು ನಾನು ಹೇಳಲಾರೆ. ಸ್ತ್ರೀಯರಿಗೆ ಅದರಲ್ಲಿ ಸ್ವಂತ ಬಾಳಿಲ್ಲ. ದ್ಯಾವ್‌ಚಾನ್ ಎಂಬ ಸುಂದರಿ ದೋಂಗ್ ಝುವೊನನ್ನೂ ಅವನ ಸಾಕುಮಗನನ್ನೂ ಒಡೆಯುವ ಉಪಕರಣವಾಗಿ ಬಂದು ಕೆಲಸ ತೀರಿದ ಮೇಲೆ ಕಥೆಯಿಂದ ಬಹುಮಟ್ಟಿಗೆ ಮರೆಯಾಗುತ್ತಾಳೆ. ಆಧುನಿಕ ಚೀನೀ ಸಾಹಿತ್ಯದ ಹಿರಿಯನಾದ ಲೂ ಶ್ಯುನ್ ತೋರಿಸಿದಂತೆ, ಲಿಯು ಬೇಯ್ ಒಳ್ಳೆಯವನೆಂದು ಸಾಧಿಸುವ ಆತುರದಲ್ಲಿ ಅವನು ಕಪಟಿಯಂತೆ ಕಾಣುವುದೂ, ಝೂಗೆ ಲಿಯಾಂಗನ ಬುದ್ಧಿ ಮಾಟಗಾರನ ವಿದ್ಯೆಗೆ ಸಮೀಪಿಸುವುದೂ ಉಂಟು. ಈ ಆಕ್ಷೇಪಗಳನ್ನು ಒಪ್ಪಿಕೊಂಡು ಓದುವುದೇ ಸರಿಯಾದ ಮಾರ್ಗ. ಹಳೆಯ ಕೃತಿಯೊಂದನ್ನು ಗೌರವಿಸುವುದಕ್ಕೆ ಅದರ ಕುಂದುಗಳಿಗೆ ಕುರುಡಾಗಬೇಕಿಲ್ಲ.

ಹೊಸ ಓದುಗನನ್ನು ಹೆದರಿಸುವುದು ಹೆಸರುಗಳ ಅರಣ್ಯ. ಸಾವಿರಕ್ಕೂ ಮಿಕ್ಕಿದ ಪಾತ್ರಗಳು. ಒಬ್ಬೊಬ್ಬನಿಗೂ ಜನ್ಮನಾಮವೊಂದು, ಪ್ರಾಪ್ತವಯಸ್ಕನಾದಾಗ ಪಡೆದ ಗೌರವನಾಮವೊಂದು. ಝೂಗೆ ಲಿಯಾಂಗನೇ ಕೊಂಗ್‌ಮಿಂಗ್, ಲಿಯು ಬೇಯನೇ ಶ್ಯುವಾನ್‌ದೆ. ಮೂವರು ಸೋದರರು, ತ್ಸಾವ್ ತ್ಸಾವ್, ವೂ ರಾಜ್ಯದ ಸುನ್ ಚ್ಯುವಾನ್, ಝೂಗೆ ಲಿಯಾಂಗ್, ಇವರಿಷ್ಟು ಮಂದಿಯ ಕೈಹಿಡಿದು ನಡೆದರೆ ಸಾಕು. ಮಿಕ್ಕವರು ಅವರ ಬೆನ್ನ ಹಿಂದೆ ತಾವಾಗಿ ಪರಿಚಿತರಾಗುತ್ತಾರೆ. ಪ್ರತಿ ಅಧ್ಯಾಯವೂ ಕಥೆಗಾರನ ರೂಢಿಯಂತೆ ಕುತೂಹಲದ ತುದಿಯಲ್ಲಿ ನಿಲ್ಲುವುದರಿಂದ, ಗಮಕಿಗಳ ಕಾವ್ಯವಾಚನವನ್ನು ಸಂಜೆ ಸಂಜೆಗೆ ಕೇಳಿದ ಪರಂಪರೆಯವರಾದ ನಮಗೆ ದಿನಕ್ಕೊಂದು ಅಧ್ಯಾಯದಂತೆ ಓದುವುದು ಕಷ್ಟವಾಗಲಾರದು. ಇಂಗ್ಲಿಷ್ ಬಲ್ಲವರಿಗೆ 1925ರಲ್ಲಿ ಪ್ರಕಟವಾದ ಬ್ರೂಯಿಟ್-ಟೇಲರನ ಅನುವಾದವೂ, 1991ರಲ್ಲಿ ಪ್ರಕಟವಾದ ಮಾಸ್ ರಾಬರ್ಟ್ಸರ ಸಮಗ್ರ ಅನುವಾದವೂ ಲಭ್ಯವಿವೆ.

ಆದರೆ ಇಂಗ್ಲಿಷಿನಲ್ಲಿ ದೊರೆತರೆ ಸಾಕೆಂಬುದು ನನ್ನ ಅಭಿಪ್ರಾಯವಲ್ಲ. ಚೀನವನ್ನು ಗೆದ್ದ ಮಂಚೂ ಅರಸರು 1650ರಲ್ಲಿ ಇದನ್ನು ತಮ್ಮ ಭಾಷೆಗೆ ತಂದುಕೊಂಡರು; ಜಪಾನೀಯರು ಅದೇ ಶತಮಾನ ಮುಗಿಯುವುದರೊಳಗೆ ತಂದುಕೊಂಡರು; ಸಯಾಮಿನ ಮೊದಲನೆಯ ರಾಮನ ಕಾಲದಲ್ಲಿ ಮಂತ್ರಿಯೊಬ್ಬನ ನೇತೃತ್ವದಲ್ಲಿ ಆದ ಅನುವಾದ ಥಾಯ್ ಗದ್ಯಕ್ಕೇ ಹೊಸ ದಾರಿ ತೋರಿತು. ನಮ್ಮ ಭಾಷೆಗೆ ಇದಕ್ಕೆ ಬೇಕಾದ ಸಾಮಗ್ರಿಯ ಕೊರತೆಯಿಲ್ಲ: ರಣವನ್ನೂ ಋಣವನ್ನೂ ಸ್ವಾಮಿಭಕ್ತಿಯನ್ನೂ ನುಡಿಯುವ ಮಾತುಗಳನ್ನು ಪಂಪನಿಂದ ಮೊದಲ್ಗೊಂಡು ಶತಮಾನಗಳ ಕಾವ್ಯ ನಮಗೆ ಸಂಪಾದಿಸಿಕೊಟ್ಟಿದೆ. ಕೊರತೆಯಿರುವುದು ಚೀನೀ ಭಾಷೆಯನ್ನು ಸಾಹಿತ್ಯಕ್ಕಾಗಿ ಕಲಿಯುವ ತರುಣರಲ್ಲಿ, ಅವರಿಗೆ ವರ್ಷಗಟ್ಟಲೆ ನೆರವಾಗಿ ನಿಲ್ಲುವ ಸಂಸ್ಥೆಗಳಲ್ಲಿ. ನಮ್ಮ ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಈ ಕಾರ್ಯಕ್ಕೆ ವಿದ್ಯಾರ್ಥಿವೇತನವನ್ನೂ ಕಾಲಾವಕಾಶವನ್ನೂ ಕೊಟ್ಟು, ಮೂಲದಿಂದಲೇ ನೇರವಾದ ಸಮಗ್ರ ಅನುವಾದವೊಂದನ್ನು ಮಾಡಿಸಬೇಕೆಂದು ನಾನು ಆಗ್ರಹಪೂರ್ವಕವಾಗಿ ಕೇಳುತ್ತೇನೆ.

ಚುನಾವಣೆಯಲ್ಲಿ, ಮಾರುಕಟ್ಟೆಯಲ್ಲಿ, ಪರೀಕ್ಷೆಯಲ್ಲಿ ಗೆದ್ದವನನ್ನೇ ಯೋಗ್ಯನೆಂದೂ ಸೋತವನನ್ನು ಅಯೋಗ್ಯನೆಂದೂ ಎಣಿಸುವ ಅಭ್ಯಾಸ ನಮ್ಮಲ್ಲಿ ದಿನೇ ದಿನೇ ಬೇರೂರುತ್ತಿರುವಾಗ, ಯೋಗ್ಯತೆಗೂ ಜಯಕ್ಕೂ ಲೆಕ್ಕ ಬೇರೆ ಬೇರೆ ಎಂಬುದನ್ನು 120 ಅಧ್ಯಾಯಗಳ ಉದ್ದಕ್ಕೂ ಸಾಧಿಸಿ ತೋರಿಸಿದ ಗ್ರಂಥದ ಸಹವಾಸ ನಮಗೆ ಅವಶ್ಯ. ಎಲ್ಲರನ್ನೂ ಗೆದ್ದ ಜಿನ್ ಅರಸರ ಒಂದುಗೂಡಿದ ಸಾಮ್ರಾಜ್ಯ ನಾಲ್ಕು ದಶಕಗಳೂ ತುಂಬುವ ಮೊದಲೇ, 316ರಲ್ಲಿ, ಕುಸಿಯಿತು. ಅವರ ಹೆಸರುಗಳನ್ನು ಇಂದು ವಿದ್ವಾಂಸರು ಬಲ್ಲರು, ಸೋತ ಮೂವರು ಸೋದರರ ಹೆಸರುಗಳನ್ನು ಪೂರ್ವ ಏಷ್ಯದ ಮಕ್ಕಳು ಬಲ್ಲರು. ಮನುಷ್ಯರು ಕಟ್ಟಕಡೆಗೆ ಯಾವುದನ್ನು ಗೌರವಿಸುತ್ತಾರೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ನಾನು ಕಾಣೆ. ಆ ಸಾಕ್ಷ್ಯ ಕನ್ನಡದ ಮಕ್ಕಳಿಗೂ ಕನ್ನಡದಲ್ಲಿಯೇ ದೊರೆಯುವಂತಾಗಬೇಕು.