ನೂರಕ್ಕೆ ತೊಂಬತ್ತೆಂಟು ಎಂದರೆ ಎಷ್ಟು?

ವಿವಾಹವಾಗಲಿರುವ ಯುವಕ-ಯುವತಿಯರಿಗಾಗಿ ಧರ್ಮಕೇಂದ್ರಗಳಲ್ಲಿ ನಡೆಯುವ ಸಿದ್ಧತಾ ಶಿಬಿರಗಳಲ್ಲಿ, ಸ್ವಾಭಾವಿಕ ಕುಟುಂಬ ಯೋಜನೆಯು ನೂರಕ್ಕೆ ತೊಂಬತ್ತೆಂಟು ಪಾಲು ಸಫಲವೆಂದು ಹೇಳುವುದುಂಟು. ಅದೇ ದಂಪತಿಗಳು ಮೊದಲ ಹೆರಿಗೆಯ ಬಳಿಕ ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಅದನ್ನು ನೆಚ್ಚಿದವರಲ್ಲಿ ನಾಲ್ವರಿಗೊಬ್ಬರು ವರ್ಷದೊಳಗೆ ಗರ್ಭ ಧರಿಸುತ್ತಾರೆಂಬ ಮಾತು ಕೇಳಿಬರುತ್ತದೆ. ಯಾರನ್ನು ನಂಬಬೇಕು? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಅಲ್ಲಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇದು ಕೇವಲ ಅಂಕಗಣಿತದ ಪ್ರಶ್ನೆಯಲ್ಲ. ಹೃದ್ರೋಗವಿರುವ ತಾಯಿಗೆ, ತೀವ್ರ ರಕ್ತಹೀನತೆಯಿಂದ ಬಳಲುವವಳಿಗೆ, ಎರಡು ಬಾರಿ ಸಿಸೇರಿಯನ್ ಆದವಳಿಗೆ ಈ ಅಂಕಿಯ ಹಿಂದೆ ಪ್ರಾಣದ ಪ್ರಶ್ನೆಯೇ ಅಡಗಿರುತ್ತದೆ.

ಈ ಅಳತೆಗೆ ಮೊದಲ ಸೂತ್ರವನ್ನು 1930ರ ದಶಕದಲ್ಲಿ ಕೊಟ್ಟವರು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್. ಮೇಲಿನ ನಾಲ್ಕು ತಾಲ್ಲೂಕುಗಳಿಂದ ತಲಾ 25ರಂತೆ ನೂರು ದಂಪತಿಗಳು ಒಂದು ವಿಧಾನವನ್ನು ಅನುಸರಿಸುತ್ತಾರೆಂದು ಭಾವಿಸೋಣ. ಅವರು ಒಟ್ಟು ಎಷ್ಟು ತಿಂಗಳು ಅದನ್ನು ಬಳಸಿದರು, ಅಷ್ಟರಲ್ಲಿ ಎಷ್ಟು ಗರ್ಭಗಳು ನಿಂತವು ಎಂಬುದನ್ನು ಎಣಿಸಬೇಕು. ಗರ್ಭಗಳ ಸಂಖ್ಯೆಯನ್ನು 1,200ರಿಂದ ಗುಣಿಸಿ, ತಿಂಗಳುಗಳ ಮೊತ್ತದಿಂದ ಭಾಗಿಸಿದರೆ ಬರುವುದೇ ಪರ್ಲ್ ಸೂಚ್ಯಂಕ. 1,200 ತಿಂಗಳಲ್ಲಿ 4 ಗರ್ಭಗಳಾದರೆ ಸೂಚ್ಯಂಕ 4. 600 ತಿಂಗಳಲ್ಲೇ 4 ಆದರೆ ಸೂಚ್ಯಂಕ 8. ಆದ್ದರಿಂದ 'ತೊಂಬತ್ತೆಂಟು ಪಾಲು ಸಫಲ' ಎಂದರೆ ನೂರು ಬಾರಿಯ ಸಮಾಗಮದಲ್ಲಿ ಎರಡು ಬಾರಿ ತಪ್ಪುತ್ತದೆಂದು ಅರ್ಥವಲ್ಲ. ನೂರು ಸ್ತ್ರೀಯರು ಒಂದು ವರ್ಷ ಅನುಸರಿಸಿದರೆ ಇಬ್ಬರು ಗರ್ಭಿಣಿಯರಾಗುತ್ತಾರೆಂದು ಅರ್ಥ. ಯಾವ ವಿಧಾನವೂ ಇಲ್ಲದಿದ್ದರೆ ಆ ಸಂಖ್ಯೆ ಸುಮಾರು 85.

ಈ ಸೂತ್ರಕ್ಕೊಂದು ದೌರ್ಬಲ್ಯವಿದೆ. ಬೇಗ ಗರ್ಭ ಧರಿಸುವವರು, ಎಚ್ಚರ ತಪ್ಪುವವರು ಮೊದಲ ತಿಂಗಳುಗಳಲ್ಲೇ ಲೆಕ್ಕದಿಂದ ಹೊರಬೀಳುತ್ತಾರೆ. ಉಳಿಯುವವರು ಎಚ್ಚರಿಕೆಯುಳ್ಳವರು ಅಥವಾ ಗರ್ಭ ಧರಿಸುವ ಸಂಭವ ಕಡಿಮೆಯಿರುವವರು. ನೂರು ಮಂದಿಯಲ್ಲಿ ಮೊದಲ ವರ್ಷ 10 ಗರ್ಭಗಳು, ಎರಡನೆಯ ವರ್ಷ 3 ಆದವೆನ್ನಿ. ಒಂದೇ ವರ್ಷಕ್ಕೆ ಸೂಚ್ಯಂಕ 10ಕ್ಕಿಂತ ತುಸು ಹೆಚ್ಚು. ಎರಡೂ ವರ್ಷ ಕೂಡಿಸಿದರೆ ಸುಮಾರು 7. ವಿಧಾನ ಸುಧಾರಿಸಿಲ್ಲ, ಅಧ್ಯಯನ ಉದ್ದವಾಗಿದೆ ಅಷ್ಟೇ. ಇದಕ್ಕಾಗಿಯೇ ತಜ್ಞರು ಈಗ ವಿಮಾ ಸಂಸ್ಥೆಗಳು ಬಳಸುವ ಜೀವಕೋಷ್ಟಕದ ಮಾದರಿಯಲ್ಲಿ, ತಿಂಗಳು ತಿಂಗಳಿಗೆ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ.

ಈ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ಇತಿಹಾಸವಿದೆ. ಸಂತಾನ ನಿಯಂತ್ರಣಕ್ಕಾಗಿ ಸರ್ಕಾರವೇ ಚಿಕಿತ್ಸಾಲಯಗಳನ್ನು ತೆರೆಯುವ ನಿರ್ಧಾರವನ್ನು ಮೈಸೂರು ಸಂಸ್ಥಾನ 1930ರಲ್ಲೇ ಕೈಗೊಂಡಿತ್ತು. 1950ರ ದಶಕದ ಆರಂಭದಲ್ಲಿ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ 'ಸುರಕ್ಷಿತ ದಿನ'ಗಳ ಪ್ರಯೋಗ ನಡೆಯಿತು. ದಿನಗಳನ್ನು ಗುರುತಿಸಲು ಬಣ್ಣದ ಮಣಿಗಳ ಸರವನ್ನೂ ಬಳಸಲಾಯಿತು. ಕಲಿಯಲು ಆಸಕ್ತಿ ತೋರಿದವರು ಅನೇಕರು. ಕಡೆಯವರೆಗೆ ಪಾಲಿಸಿದವರು ಕೆಲವರೇ.

ಇನ್ನೂ ಮಹತ್ವದ್ದು, ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 1981ರಲ್ಲಿ ಪ್ರಕಟಿಸಿದ ಬಿಲ್ಲಿಂಗ್ಸ್ ವಿಧಾನದ ಅಧ್ಯಯನ. ಅದರ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಸ್ರಾವದ ಲಕ್ಷಣಗಳನ್ನು ಗುರುತಿಸಲು ನೂರಕ್ಕೆ 93 ಸ್ತ್ರೀಯರು ಮೊದಲ ಋತುಚಕ್ರದಲ್ಲೇ ಕಲಿತರು. ಆದರೆ ಪರೀಕ್ಷಾ ಹಂತಕ್ಕೆ ಬಂದ 725 ಮಂದಿಯಲ್ಲಿ 13 ಋತುಚಕ್ರಗಳೊಳಗೆ ನೂರಕ್ಕೆ 19.6ರಷ್ಟು ಗರ್ಭಗಳಾದವು. ವಿಧಾನದ್ದೇ ದೋಷವೆನ್ನಬಹುದಾದ ಪಾಲು 2.8, ನಿಯಮ ತಿಳಿದೂ ಮೀರಿದ್ದರಿಂದ ಆದದ್ದು 15.4. ಶಿಬಿರದ ತೊಂಬತ್ತೆಂಟಕ್ಕೂ ಆಸ್ಪತ್ರೆಯ ನಾಲ್ವರಿಗೊಬ್ಬರಿಗೂ ನಡುವಿನ ಅಂತರ ಹುಟ್ಟುವುದು ಇಲ್ಲಿಯೇ. ಒಂದು ಪರಿಪೂರ್ಣ ಪಾಲನೆಯ ಅಂಕಿ, ಇನ್ನೊಂದು ಸಾಮಾನ್ಯ ಬಳಕೆಯ ಅಂಕಿ.

ಲೆಕ್ಕದ ಇನ್ನೊಂದು ಸೂಕ್ಷ್ಮವಿದೆ. ಆ 2.8 ಬಂದದ್ದು ನಿಯಮ ಮೀರಿದ ಚಕ್ರಗಳನ್ನೂ ಸೇರಿಸಿ ಭಾಗಿಸಿದಾಗ. ಜೇಮ್ಸ್ ಟ್ರಸೆಲ್ ಮತ್ತು ಅವರ ಸಹೋದ್ಯೋಗಿ 1990ರಲ್ಲಿ ಪಾಲಿಸಿದ ಚಕ್ರಗಳನ್ನೂ ಮೀರಿದ ಚಕ್ರಗಳನ್ನೂ ಬೇರ್ಪಡಿಸಿ ನೋಡಿದರು. ಪಾಲಿಸಿದಾಗ ವರ್ಷಕ್ಕೆ 3.1, ಮೀರಿದಾಗ 86.4. ಅಂದರೆ ನಿಷ್ಠೆಯಿಂದ ಪಾಲಿಸಿದರೆ ಈ ವಿಧಾನ ಬಹಳ ಒಳ್ಳೆಯದು. ಮೀರಿದರೆ ಏನೂ ಮಾಡದಿದ್ದಂತೆಯೇ.

ಈ ಅಂತರ ಸ್ವಾಭಾವಿಕ ವಿಧಾನಗಳಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಅಂಕಿಗಳಂತೆ ನುಂಗುವ ಮಾತ್ರೆ ಪರಿಪೂರ್ಣ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ 0.3 ಮಂದಿಗೆ ವಿಫಲ, ಸಾಮಾನ್ಯ ಬಳಕೆಯಲ್ಲಿ 7 ಮಂದಿಗೆ. ಕಾಂಡೋಮ್ 2 ಮತ್ತು 13. ಕಾಪರ್-ಟಿಯಲ್ಲಿ ಎರಡೂ ಒಂದಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ದಿನನಿತ್ಯ ನೆನಪಿಡಬೇಕಾದದ್ದು ಇಲ್ಲವೆನ್ನುವಷ್ಟು ಅಲ್ಪ. ಸ್ರಾವದೊಂದಿಗೆ ದೇಹದ ಉಷ್ಣಾಂಶವನ್ನೂ ದಾಖಲಿಸುವ ವಿಧಾನದಲ್ಲಿ, 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು 0.4 ಮತ್ತು 1.8 ಎಂಬ ಅಂಕಿಗಳನ್ನು ಕೊಟ್ಟಿದೆ. ಅವರು ಚೆನ್ನಾಗಿ ತರಬೇತಿ ಪಡೆದ ಸ್ತ್ರೀಯರು. ಅದೇ ಫಲ ಜಗಳೂರಿನಲ್ಲಿ ತಾನಾಗಿ ಬಂದೀತೆಂದು ಹೇಳಲಾಗದು. ಅಂಥ ತರಬೇತಿ ಇಲ್ಲಿಯೂ ದೊರೆಯಬೇಕೆಂದು ಕೇಳಬಹುದು.

ಹೀಗಿರುವಾಗ, ನಮ್ಮ ವಿಧಾನದ ಪರಿಪೂರ್ಣ ಅಂಕಿಯನ್ನು ಮಾತ್ರೆಯ ಸಾಮಾನ್ಯ ಅಂಕಿಯೊಡನೆ ಹೋಲಿಸಿ ಗೆದ್ದೆವೆನ್ನುವುದು ನ್ಯಾಯವಲ್ಲ. ಇದನ್ನೇ ತಿರುವುಮುರುವಾಗಿ ಆಸ್ಪತ್ರೆಯಲ್ಲಿ ಹೇಳಿದರೂ ನ್ಯಾಯವಲ್ಲ. ಪೋಪ್ ಆರನೇ ಪಾಲ್ 1968ರ ತಮ್ಮ ವಿಶ್ವಪತ್ರ 'ಹ್ಯುಮಾನೆ ವೀಟೆ'ಯಲ್ಲಿ ಗಂಭೀರ ಕಾರಣಗಳಿದ್ದಾಗ ಫಲವತ್ತಲ್ಲದ ದಿನಗಳನ್ನು ಅವಲಂಬಿಸುವುದನ್ನು ಒಪ್ಪಿದ್ದಾರೆ, ಕೃತಕ ವಿಧಾನಗಳನ್ನು ಒಪ್ಪಿಲ್ಲ. ಆ ಬೋಧನೆ ನಿಂತಿರುವುದು ಶೇಕಡಾವಾರಿನ ಮೇಲಲ್ಲ. ಆದ್ದರಿಂದ ಅದನ್ನು ಸಮರ್ಥಿಸಲು ಅಂಕಿಯನ್ನು ಹಿಗ್ಗಿಸುವ ಅಗತ್ಯವೂ ಇಲ್ಲ.

ಯಾವುದೇ ಅಂಕಿ ಕೇಳಿದಾಗ ದಂಪತಿಗಳು ಮೂರು ಪ್ರಶ್ನೆ ಕೇಳಲಿ: ಇದು ಪರಿಪೂರ್ಣ ಪಾಲನೆಯದೋ, ಸಾಮಾನ್ಯ ಬಳಕೆಯದೋ? ಎಷ್ಟು ಕಾಲದ ಲೆಕ್ಕ? ಎಂಥವರ ಮೇಲೆ ನಡೆದ ಪರೀಕ್ಷೆ? ಎರಡನೆಯ ಪ್ರಶ್ನೆ ಕಿರಿದೇನಲ್ಲ. ವರ್ಷಕ್ಕೆ ನೂರರಲ್ಲಿ 5ರಂತೆ ತಪ್ಪುವ ವಿಧಾನ, ಅದೇ ಪ್ರಮಾಣ ಮುಂದುವರಿದರೆ, ಹತ್ತು ವರ್ಷಗಳಲ್ಲಿ 40 ಮಂದಿಯನ್ನು ಮುಟ್ಟುತ್ತದೆ. ಶಿಬಿರ ನಡೆಸುವ ಗುರುಗಳೂ ಧರ್ಮಭಗಿನಿಯರೂ ಎರಡೂ ಅಂಕಿಗಳನ್ನು ಒಟ್ಟಿಗೆ ಮುಂದಿಡಲಿ. ಒಂದು ಮಧ್ಯಾಹ್ನದ ಉಪನ್ಯಾಸಕ್ಕೆ ಬದಲು ಕೆಲವು ತಿಂಗಳು ಜೊತೆಗಿದ್ದು ಕಲಿಸುವ ಏರ್ಪಾಡಾಗಲಿ. ಗರ್ಭ ಅಪಾಯಕಾರಿಯಾಗಬಹುದಾದ ತಾಯಂದಿರು ವೈದ್ಯರನ್ನು ಕಾಣದೆ ಯಾವ ನಿರ್ಧಾರಕ್ಕೂ ಬಾರದಿರಲಿ.

ಗಂಡಂದಿರಿಗೂ ಒಂದು ಮಾತು. ಬೆಂಗಳೂರನ್ನೊಳಗೊಂಡ ಆ ಅಧ್ಯಯನದ 15.4 ನೆನಪಿರಲಿ. ನಿಯಮ ತಿಳಿದೂ ಮೀರಿದ ಆ ದಿನಗಳಲ್ಲಿ ನಿರ್ಧಾರ ಹೆಂಡತಿಯೊಬ್ಬಳದೇ ಆಗಿರಲು ಸಾಧ್ಯವಿಲ್ಲ. ತರಗತಿಗೆ ಆಕೆಯನ್ನಷ್ಟೇ ಕಳುಹಿಸಿ ಫಲವನ್ನು ಆಕೆಯ ಲೆಕ್ಕಕ್ಕೆ ಬರೆಯುವುದು ಸಲ್ಲದು.