ಜೀವಶಾಸ್ತ್ರ ಮತ್ತು ಸಂರಕ್ಷಣೆಯನ್ನು ಪದವಿಯಲ್ಲಿ ಮೈನರ್ ವಿಷಯವಾಗಿಸಲು ಮನವಿ

ಗೆ,
ಮಾನ್ಯ ಉಪಾಧ್ಯಕ್ಷರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು

ಇಂದ: ಮಲೆನಾಡಿನ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳು

ಮಾನ್ಯರೇ,

ಕಲೆ, ವಾಣಿಜ್ಯ ಓದುವ ನಮಗೆ ಜೀವಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿಯುತ್ತದೆ. ಆದರೆ ನಾಳೆ ಪಂಚಾಯಿತಿ ಸದಸ್ಯರು, ಪಿಡಿಒಗಳು, ಪತ್ರಕರ್ತರು ಆಗುವ ಅನೇಕರು ಕೂತಿರುವುದು ನಮ್ಮ ತರಗತಿಗಳಲ್ಲೇ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಗಿಡಮರ, ಮೀನು, ಹಕ್ಕಿ ಗುರುತಿಸಲು ಕಲಿಯದವರು ಅದನ್ನು ಬರೆಯುವುದು ಹೇಗೆ?

ಮಂಗನ ಕಾಯಿಲೆಯನ್ನೇ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ರೋಗ ಹರಡುವುದು ಉಣ್ಣೆಗಳಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಕಳಚಿ ಸುತ್ತಲ ತರಗೆಲೆ ಸೇರುತ್ತವೆ. ಸೌದೆಗೆ, ದರಗಿಗೆ ಹೋದವರಿಗೆ ಹತ್ತುತ್ತವೆ. ಸತ್ತ ಮಂಗನ ಸುದ್ದಿ ಆರೋಗ್ಯ ಇಲಾಖೆಗೆ ಬೇಗ ಮುಟ್ಟಿದಷ್ಟೂ ಒಳ್ಳೆಯದು. ಇದು ಪ್ರಾಣಿಶಾಸ್ತ್ರದ ಲ್ಯಾಬಿನವರಿಗೆ ಮಾತ್ರ ತಿಳಿದಿರಬೇಕಾದ ವಿಷಯವಲ್ಲ.

ಪರಿಸರ ಅಧ್ಯಯನದ ಕಡ್ಡಾಯ ಪತ್ರಿಕೆ 1991ರ ಸುಪ್ರೀಂ ಕೋರ್ಟ್ ಆದೇಶದ ಫಲ. ಅದಕ್ಕೆ ನಾವು ಕೃತಜ್ಞರು, ಆದರೆ ಅಷ್ಟು ಸಾಲದು. ಯುಜಿಸಿಯ 2022ರ ಚೌಕಟ್ಟು ಮೂರು ವರ್ಷದ ಪದವಿಯಲ್ಲಿ ಮೈನರ್‌ಗೆ 24 ಕ್ರೆಡಿಟ್ ಇಟ್ಟಿದೆ. ರಾಜ್ಯವು 2024-25ರಿಂದ ಮೂರು ವರ್ಷದ ಪದವಿಗೆ ಮರಳಿದ್ದರೂ ಇಷ್ಟು ಅವಕಾಶವನ್ನು ಇಲ್ಲಿಯೂ ಕಲ್ಪಿಸಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕೆಂಬ ಷರತ್ತು ಬೇಡ. ಪಠ್ಯ ಕನ್ನಡದಲ್ಲೂ ಇರಲಿ.

ನಮ್ಮ ಮುಖ್ಯ ಬೇಡಿಕೆ ಕ್ಷೇತ್ರಕಾರ್ಯದ್ದು. ಸೆಮಿಸ್ಟರಿಗೊಮ್ಮೆ ಪ್ರವಾಸ ಹೋಗಿ, ಫೋಟೊ ಅಂಟಿಸಿ ವರದಿ ಒಪ್ಪಿಸುವ ಪದ್ಧತಿ ಬೇಡ. ಒಂದೇ ಕೆರೆಯನ್ನೋ ಕಾನನ್ನೋ ದೇವರಬನವನ್ನೋ ಎರಡು ವರ್ಷ ಬಿಡದೆ ಗಮನಿಸುವಂತಾಗಬೇಕು: ಯಾವ ಮರ ಎಂದು ಹೂಬಿಟ್ಟಿತು, ಯಾವ ಹಕ್ಕಿ ಗೂಡು ಕಟ್ಟಿತು, ನೀರು ಎಷ್ಟು ಇಳಿಯಿತು. ಆ ಟಿಪ್ಪಣಿ ಪಂಚಾಯಿತಿಯ ದಾಖಲಾತಿಗೆ ಸೇರಬೇಕು, ಅಂಕವೂ ಅದಕ್ಕೇ ಸಿಗಬೇಕು. ಅರಣ್ಯ ವೀಕ್ಷಕರನ್ನೂ ನಾಟಿ ವೈದ್ಯರನ್ನೂ ಅತಿಥಿ ಬೋಧಕರಾಗಿ ಕರೆದು ಗೌರವಧನ ನೀಡಬೇಕು. ಹೆಸರು ಹೇಳಿ ಗಿಡ ತೋರಿಸಬಲ್ಲ ಹಿರಿಯರು ಊರಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೂ 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಒಟ್ಟಿಗೇ ಓದಿಸಬೇಕು. ಎರಡರ ನಡುವೆ ಬದುಕುತ್ತಿರುವವರು ನಮ್ಮ ಮನೆಯವರೇ.

ಬರುವ ಶೈಕ್ಷಣಿಕ ವರ್ಷದಿಂದ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗು ಜಿಲ್ಲೆಗಳ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಈ ಮೈನರ್ ವಿಷಯವನ್ನು ಆರಂಭಿಸಬೇಕೆಂದೂ, ಪಠ್ಯ ರಚನಾ ಸಮಿತಿಯಲ್ಲಿ ವಿದ್ಯಾರ್ಥಿಗಳ ಮಾತು ಕೇಳಬೇಕೆಂದೂ ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ವಿದ್ಯಾರ್ಥಿಗಳು